ಅಮೆರಿಕದ ಟಿವಿಯಲ್ಲಿ ಲ್ಯಾಟಿನೋ ಪಾತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸೀರಿಯಲ್‌ಗಳ ಮಾತು ಬಂದಾಗೆಲ್ಲ ಗೆಳೆಯರು, ನೆಂಟರು, ಓದುಗರು ನನ್ನನ್ನು ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಲ ಮೆಟ್ಟಿಲು

ಲ್ಯಾಟಿನೋ ಅಂದ್ರೆ ಮೆಕ್ಸಿಕೋದವರು ಅಂತಾನಾ? ಹಿಸ್ಪ್ಯಾನಿಕ್ ಅಂದ್ರೆ ಬೇರೇನಾ?

ಮೆಕ್ಸಿಕೋ ಒಂದೇ ಅಲ್ಲ. ಕ್ಯೂಬಾ, ಪ್ಯೂರ್ಟೋ ರಿಕೋ, ಕೊಲಂಬಿಯಾ, ಎಲ್ ಸಾಲ್ವಡಾರ್, ಬ್ರೆಜಿಲ್, ಹೀಗೆ ಲ್ಯಾಟಿನ್ ಅಮೆರಿಕದ ಯಾವ ಮೂಲೆಯ ಬೇರಿದ್ದರೂ ಲ್ಯಾಟಿನೋ ಅನ್ನುತ್ತಾರೆ. ಹೆಂಗಸಾದರೆ ಲ್ಯಾಟಿನಾ. ಹಿಸ್ಪ್ಯಾನಿಕ್ ಅನ್ನುವುದು ಸ್ಪ್ಯಾನಿಷ್ ಭಾಷೆಯ ನಂಟಿನಿಂದ ಬಂದ ಹೆಸರು. ಹಾಗಾಗಿ ಪೋರ್ಚುಗೀಸ್ ಮಾತಾಡುವ ಬ್ರೆಜಿಲ್‌ನವರು ಲ್ಯಾಟಿನೋ ಹೌದು, ಹಿಸ್ಪ್ಯಾನಿಕ್ ಅಲ್ಲ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದ ಕೆಲವರು ತಮ್ಮನ್ನು ಚಿಕಾನೋ ಅಂತ ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ.

ಅಮೆರಿಕದ 2020ರ ಜನಗಣತಿಯಲ್ಲಿ ಲ್ಯಾಟಿನೋಗಳ ಸಂಖ್ಯೆ ಸುಮಾರು 6.2 ಕೋಟಿ. ನಮ್ಮ ಇಡೀ ಕರ್ನಾಟಕದ 2011ರ ಜನಸಂಖ್ಯೆಗಿಂತ ಒಂಚೂರು ಜಾಸ್ತಿ. ಅಮೆರಿಕದ ನೂರು ಜನರಲ್ಲಿ ಹತ್ತಿರ ಹತ್ತಿರ 19 ಮಂದಿ.

ಇವರೆಲ್ಲ ನಿನ್ನೆ ಮೊನ್ನೆ ವಲಸೆ ಬಂದವರೂ ಅಲ್ಲ. 1848ರ ಒಪ್ಪಂದದಲ್ಲಿ ಮೆಕ್ಸಿಕೋ ತನ್ನ ನೆಲದ ದೊಡ್ಡ ಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಕೂತಲ್ಲೇ ಅಮೆರಿಕದವರಾದರು. 'ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು' ಅಂತ ಅವರಲ್ಲೊಂದು ಮಾತಿದೆ. ಟಿವಿ ನೋಡುವಾಗ ಈ ಮಾತು ನೆನಪಿದ್ದರೆ ಒಳ್ಳೆಯದು. ಯಾಕಂದ್ರೆ ಟಿವಿ ಇವರನ್ನು ಹೆಚ್ಚಾಗಿ ಹೊಸಬರಾಗಿಯೇ ತೋರಿಸಿದೆ.

ಸ್ಟೀರಿಯೋಟೈಪ್ ಸ್ಟೀರಿಯೋಟೈಪ್ ಅಂತೀರಲ್ಲ, ಯಾವುವು ಅವು?

ಟೆಕ್ಸಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ರಮಿರೆಝ್ ಬರ್ಗ್ ಅನ್ನುವ ವಿದ್ವಾಂಸರು ಹಾಲಿವುಡ್‌ನಲ್ಲಿ ಪಾತ್ರಗಳನ್ನು ಎರಕ ಹೊಯ್ಯುವ ಆರು ಅಚ್ಚುಗಳನ್ನು, ಅಂದರೆ ಸ್ಟೀರಿಯೋಟೈಪ್‌ಗಳನ್ನು, ಗುರುತಿಸಿದ್ದಾರೆ. ಕೊಳಕು ಬಟ್ಟೆಯ ದರೋಡೆಕೋರ. ಚೆಲ್ಲುಚೆಲ್ಲಾದ ಹೆಣ್ಣು. ಇಂಗ್ಲಿಷ್ ಬಾರದೆ ನಗೆಪಾಟಲಾಗುವ ಗಂಡು. ಕಿರುಚಾಡಿ ನಗಿಸುವ ಹೆಣ್ಣು. ಮಾತಲ್ಲೇ ಮರುಳು ಮಾಡುವ ಪ್ರೇಮಿ. ಯಾರ ಕೈಗೂ ಸಿಗದ ಗೂಢ ಸುಂದರಿ. ಸಿನಿಮಾ ನೋಡಿ ಮಾಡಿದ ಪಟ್ಟಿ ಇದು, ಆದರೆ ಟಿವಿಗೂ ಹಾಗೇ ಒಪ್ಪುತ್ತದೆ. ದರೋಡೆಕೋರ ಕುದುರೆಯಿಂದ ಇಳಿದು ಡ್ರಗ್ಸ್ ಮಾರುವವನಾದ, ಅಷ್ಟೇ. ಇದಕ್ಕೆ ನಾನು ಇನ್ನೂ ಮೂರು ಸೇರಿಸುತ್ತೇನೆ: ಮನೆಗೆಲಸದವಳು, ತೋಟದವನು, ಮೈತುಂಬ ಹಚ್ಚೆಯ ಗ್ಯಾಂಗ್ ಹುಡುಗ.

ಮನೆಗೆಲಸದವರು ನಿಜವಾಗ್ಲೂ ಇದ್ದಾರಲ್ವಾ? ಇರೋದನ್ನ ತೋರಿಸಿದ್ರೆ ತಪ್ಪೇನು?

ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಉತ್ತರವಾಗಿ ಲೂಪೆ ಒಂಟಿವೆರೋಸ್ ಕಥೆ ಹೇಳುತ್ತೇನೆ.

ಲೂಪೆ ಟೆಕ್ಸಸ್‌ನ ಎಲ್ ಪಾಸೋದಲ್ಲಿ 1942ರಲ್ಲಿ ಹುಟ್ಟಿದವರು. ಮೆಕ್ಸಿಕೋದಿಂದ ಬಂದ ಅಪ್ಪ ಅಮ್ಮ. ಕಾಲೇಜು ಓದಿ ಸಮಾಜಸೇವಾ ಕಾರ್ಯಕರ್ತೆಯಾಗಿ ಕೆಲಸ ಮಾಡಿದರು. ಆಮೇಲೆ ನಟಿಯಾದರು. ರಂಗಭೂಮಿ ಕಟ್ಟಿದರು. ಇಂಗ್ಲಿಷ್ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೂ ಸಿನಿಮಾ, ಟಿವಿ ಎಲ್ಲ ಸೇರಿ ತಾವು ಮನೆಗೆಲಸದವಳ ಪಾತ್ರ ಮಾಡಿದ್ದು ಸುಮಾರು 150 ಸಲ ಅಂತ ಅವರೇ ಲೆಕ್ಕ ಹೇಳಿದ್ದರು. ಆಡಿಷನ್‌ಗೆ ಹೋಗಿ ಸರಿಯಾದ ಇಂಗ್ಲಿಷ್ ಮಾತಾಡಿದರೆ ಪಾತ್ರ ಸಿಗುತ್ತಿರಲಿಲ್ಲ. ಸ್ಪ್ಯಾನಿಷ್ ಧಾಟಿ ಎಳೆದರೆ ಮಾತ್ರ ಸಿಗುತ್ತಿತ್ತು.

150 ಸಲ! ಒಮ್ಮೆ ಯೋಚಿಸಿ. ಅದರಲ್ಲಿ ಎಷ್ಟು ಪಾತ್ರಗಳಿಗೆ ಸ್ವಂತ ಮನೆ ಇತ್ತು? ಕೆಲಸ ಮುಗಿಸಿ ಬಸ್ ಹತ್ತಿದ ಮೇಲೆ ಆಕೆ ಎಲ್ಲಿಗೆ ಹೋಗುತ್ತಾಳೆ, ಮಕ್ಕಳಿಗೆ ಏನು ಅಡುಗೆ ಮಾಡುತ್ತಾಳೆ, ಯಾರ ಜೊತೆ ಜಗಳ ಆಡುತ್ತಾಳೆ? ಕ್ಯಾಮೆರಾ ಯಜಮಾನರ ಮನೆಯಲ್ಲೇ ಉಳಿದುಬಿಡುತ್ತದೆ. ಆಕೆ ಬಾಗಿಲು ಹಾಕಿಕೊಂಡು ಹೋದಳು ಅಂದರೆ ಆಕೆಯ ಕಥೆ ಮುಗಿಯಿತು. ನನಗೆ ನೋವಾಗುವುದು ಇಲ್ಲಿ. ಮನೆಗೆಲಸ ಮಾಡುವುದರಲ್ಲಿ ನಾಚಿಕೆಯೇನೂ ಇಲ್ಲ. ಲೂಪೆಯವರೂ ಹಾಗೆ ಅಂದುಕೊಂಡವರಲ್ಲ. ಅಂಥ ದುಡಿಯುವ ಹೆಂಗಸರ ಮೇಲಿನ ಒಂದು ಸಾಕ್ಷ್ಯಚಿತ್ರಕ್ಕೆ ಅವರೇ ದನಿ ಕೊಟ್ಟರು.

ಲೂಪೆ 2012ರಲ್ಲಿ ತೀರಿಕೊಂಡರು.

## ಹಿಂದಿನ ಕಥೆ

ಇದು ಯಾವಾಗ ಶುರುವಾಯ್ತು? ಹಳೇ ಟಿವಿಯಲ್ಲೂ ಹೀಗೇ ಇತ್ತಾ?

ಟಿವಿಗೆ ಅಚ್ಚುಗಳು ಸಿನಿಮಾ, ರೇಡಿಯೋದಿಂದ ತಯಾರಾಗಿಯೇ ಬಂದವು. 1950ರಲ್ಲಿ 'ದಿ ಸಿಸ್ಕೋ ಕಿಡ್' ಶುರುವಾಯಿತು. ನಾಯಕ ಸಿಸ್ಕೋ ಠಾಕುಠೀಕಾಗಿ ಬಟ್ಟೆ ಹಾಕಿದ ಸೊಗಸುಗಾರ. ಪಕ್ಕದಲ್ಲಿ ಪಾಂಚೋ, ಮುರುಕು ಇಂಗ್ಲಿಷ್‌ನ ದಪ್ಪ ಹೊಟ್ಟೆಯ ಸಂಗಾತಿ. ಇಬ್ಬರೂ ಒಳ್ಳೆಯವರೇ, ನ್ಯಾಯದ ಪರ ಇರುವವರೇ. ಆದರೆ ಪ್ರೇಮಿ, ಕೋಡಂಗಿ ಎರಡೂ ಅಚ್ಚು ಒಂದೇ ಚೌಕಟ್ಟಿನಲ್ಲಿ ಬಂದವು.

ಮರುವರ್ಷ, 1951ರಲ್ಲಿ, 'ಐ ಲವ್ ಲೂಸಿ' ಅನ್ನುವ ಹಾಸ್ಯ ಧಾರಾವಾಹಿ ಬಂತು. ಅದರ ನಾಯಕ ಡೆಸಿ ಅರ್ನಾಝ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು. ಹುಟ್ಟಿದ್ದು ಕ್ಯೂಬಾದ ಸ್ಯಾಂಟಿಯಾಗೋದಲ್ಲಿ. ಅಪ್ಪ ಅದೇ ಊರಿನ ಮೇಯರ್ ಆಗಿದ್ದವರು. 1933ರ ಕ್ರಾಂತಿಯಲ್ಲಿ ಮನೆಮಠ ಎಲ್ಲ ಹೋಯಿತು. ಮಯಾಮಿಗೆ ಬಂದ ಹುಡುಗ ಹಕ್ಕಿ ಸಾಕುವವರ ಹತ್ತಿರ ಪಂಜರ ತೊಳೆದು ದುಡಿದ. ಮುಂದೆ ಬ್ಯಾಂಡ್ ಕಟ್ಟಿದ, ಆಮೇಲೆ ಲೂಸಿಯ ಪಾತ್ರ ಮಾಡಿದ ನಟಿ ಲೂಸಿಲ್ ಬಾಲ್‌ರನ್ನು ಮದುವೆಯಾದ. ಆಕೆಯ ಟಿವಿ ಗಂಡನಾಗಿ ಈ ಕ್ಯೂಬನ್‌ನನ್ನು ಜನ ಒಪ್ಪುತ್ತಾರಾ ಅಂತ ಚಾನೆಲ್‌ಗೆ ಅನುಮಾನ. ಗಂಡ ಹೆಂಡತಿ ಊರೂರು ಸುತ್ತಿ ರಂಗದ ಮೇಲೆ ಆಡಿ ತೋರಿಸಿದರು. ಜನ ಒಪ್ಪಿದರು.

ಡೆಸಿ ಆಡಿದ ರಿಕಿ ರಿಕಾರ್ಡೋ ಪಾತ್ರದಲ್ಲಿ ಅಚ್ಚು ಇಲ್ವಾ? ಇದೆ. ಸಿಟ್ಟು ಬಂದರೆ ಪಟಪಟ ಸ್ಪ್ಯಾನಿಷ್ ಉದುರಿಸುತ್ತಾನೆ, ಜನ ನಗುತ್ತಾರೆ. ಆದರೆ ಆತ ದುಡಿಯುವ ಗಂಡ, ಮಗುವಿನ ಅಪ್ಪ, ಮನೆಯ ಯಜಮಾನ. ತೆರೆಯ ಹಿಂದೆ ಇನ್ನೂ ದೊಡ್ಡ ಸಂಗತಿ ನಡೆಯಿತು. ಲೈವ್ ಪ್ರಸಾರದ ಬದಲು ಫಿಲ್ಮ್ ಮೇಲೆ, ಪ್ರೇಕ್ಷಕರ ಎದುರು, ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸುವ ಪದ್ಧತಿ ಬೇರೂರಿದ್ದು ಈ ದಂಪತಿಯ ಡೆಸಿಲು ಕಂಪನಿಯಿಂದ. ಸಂಬಳ ಸ್ವಲ್ಪ ಬಿಟ್ಟುಕೊಟ್ಟು ಫಿಲ್ಮ್‌ಗಳ ಹಕ್ಕು ತಾವೇ ಇಟ್ಟುಕೊಂಡರು. ಮರುಪ್ರಸಾರ ಅನ್ನುವುದು ವ್ಯಾಪಾರವಾಗಿ ಬೆಳೆದದ್ದರಲ್ಲಿ ಅದರ ಪಾಲು ದೊಡ್ಡದು. ಅಮೆರಿಕದ ಟಿವಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬ ಲ್ಯಾಟಿನೋ ಇದ್ದ. ಅದಾದ ಮೇಲೂ ದಶಕಗಟ್ಟಲೆ ಅವನ ಜನಕ್ಕೆ ಬಾಗಿಲು ಅರ್ಧವೇ ತೆರೆದಿತ್ತು.

ಒಂದು ಕಾರ್ಟೂನಿಗೂ ಇಷ್ಟೊಂದು ಗಲಾಟೆ ಬೇಕಾ?

ಎರಡು ಕಾರ್ಟೂನು ಪಕ್ಕಪಕ್ಕ ಇಟ್ಟು ನೋಡೋಣ.

ಫ್ರಿಟೋ ಬ್ಯಾಂಡಿಟೋ 1967ರಲ್ಲಿ ಕಾರ್ನ್ ಚಿಪ್ಸ್ ಜಾಹೀರಾತಿಗೆ ಹುಟ್ಟಿದವನು. ದೊಡ್ಡ ಟೋಪಿ, ಸೊಂಟದಲ್ಲಿ ಎರಡು ಪಿಸ್ತೂಲು, ಮೊದಮೊದಲು ಒಂದು ಚಿನ್ನದ ಹಲ್ಲು. ಮೆಕ್ಸಿಕೋದವರು ಎದೆ ತುಂಬಿ ಹಾಡುವ 'ಸಿಯೆಲಿತೋ ಲಿಂದೋ' ಧಾಟಿಯಲ್ಲೇ ಹಾಡುತ್ತಾ ನಿಮ್ಮ ಚಿಪ್ಸ್ ಕದಿಯುತ್ತಾನೆ. ಶಾಲೆಯಲ್ಲಿ ಮೆಕ್ಸಿಕನ್ ಹುಡುಗನೊಬ್ಬ ತಿಂಡಿ ಡಬ್ಬಿ ತೆಗೆಯುವಾಗ ಪಕ್ಕದವನು ಆ ಹಾಡು ಶುರು ಮಾಡಿದರೆ ಹೇಗಿರುತ್ತೆ? ಸಂಘಟನೆಗಳು ದನಿ ಎತ್ತಿದವು. ಮೊದಲು ಚಿನ್ನದ ಹಲ್ಲು ಹೋಯಿತು. 1971ರ ಹೊತ್ತಿಗೆ ಅವನೇ ಹೋದ.

ಇನ್ನೊಂದು ಸ್ಪೀಡಿ ಗೊಂಝಾಲೆಸ್, ಮಿಂಚಿನ ಓಟದ ಮೆಕ್ಸಿಕನ್ ಇಲಿ. ಕಾರ್ಟೂನ್ ನೆಟ್‌ವರ್ಕ್ 1999ರಲ್ಲಿ ಇದನ್ನು ನಿಲ್ಲಿಸಿತು. ಆಗ ವಾಪಸ್ ತನ್ನಿ ಅಂತ ಕೇಳಿದವರು ಯಾರು ಗೊತ್ತಾ? ಲ್ಯಾಟಿನೋಗಳೇ! ಅವರ ಬಹಳ ಹಳೆಯ ಸಂಘಟನೆಯಾದ ಲುಲಾಕ್ ಕೂಡ ಇಲಿಯ ಪರ ನಿಂತಿತು. 2002ರಲ್ಲಿ ಇಲಿ ವಾಪಸ್ ಬಂತು. ಯಾಕಂದ್ರೆ ಸ್ಪೀಡಿ ಜಾಣ, ಧೈರ್ಯವಂತ, ತನ್ನ ಜನರಿಗೆ ಚೀಸ್ ತಂದುಕೊಡುವವನು. ಸೋಲುವುದು ಯಾವಾಗಲೂ ಬೆಕ್ಕೇ. ಅವನ ಸುತ್ತ ಇರುವ ಸೋಮಾರಿ ಇಲಿಗಳ ಚಿತ್ರಣ ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಯಾವುದು ನೋಯಿಸುತ್ತದೆ ಅನ್ನುವುದನ್ನು ಆ ಜನರನ್ನೇ ಕೇಳಬೇಕು. ಹೊರಗೆ ನಿಂತು ನಾವು ಊಹಿಸಿದ್ದು ಎಷ್ಟೋ ಸಲ ತಪ್ಪಾಗುತ್ತದೆ.

ಪ್ರತಿಭಟನೆ ಮಾಡಿ ಏನಾದ್ರೂ ಬದಲಾಯ್ತಾ?

ಆಯಿತು, ನಿಧಾನಕ್ಕೆ. 1998ರ ಮೇ ತಿಂಗಳಲ್ಲಿ 'ಸೈನ್‌ಫೆಲ್ಡ್' ಅನ್ನುವ ಹಾಸ್ಯ ಧಾರಾವಾಹಿಯ ಒಂದು ಕಂತಿನಲ್ಲಿ ಪ್ಯೂರ್ಟೋ ರಿಕೋ ಧ್ವಜಕ್ಕೆ ಅಕಸ್ಮಾತ್ ಬೆಂಕಿ ತಗುಲುತ್ತದೆ, ಪಾತ್ರಧಾರಿ ಅದನ್ನು ತುಳಿದು ಆರಿಸುತ್ತಾನೆ. ಜನ ಸಿಟ್ಟಿಗೆದ್ದರು, ಅದನ್ನು ಪ್ರಸಾರ ಮಾಡಿದ ಎನ್‌ಬಿಸಿ ಚಾನೆಲ್ ಕ್ಷಮೆ ಕೇಳಿತು.

ಮರುವರ್ಷ ಇನ್ನೂ ದೊಡ್ಡದು. ನಾಲ್ಕು ಮುಖ್ಯ ಚಾನೆಲ್‌ಗಳ 26 ಹೊಸ ಕಾರ್ಯಕ್ರಮಗಳಲ್ಲಿ ಅಲ್ಪಸಂಖ್ಯಾತ ಜನಾಂಗದ ಒಬ್ಬ ಮುಖ್ಯ ಪಾತ್ರಧಾರಿಯೂ ಇರಲಿಲ್ಲ. ನ್ಯಾಷನಲ್ ಕೌನ್ಸಿಲ್ ಆಫ್ ಲಾ ರಾಝಾ ಅನ್ನುವ ಲ್ಯಾಟಿನೋ ಸಂಘಟನೆ ಮತ್ತು ಜೊತೆಗಾರರು 1999ರ ಸೆಪ್ಟೆಂಬರ್‌ನಲ್ಲಿ ಟಿವಿ ಆಫ್ ಮಾಡಿ ಅಂತ ಕರೆ ಕೊಟ್ಟರು. ಬ್ಲ್ಯಾಕ್‌ಔಟ್ ಅನ್ನುವ ಪದವನ್ನು ತಿರುಗಿಸಿ ಅದಕ್ಕೆ 'ಬ್ರೌನ್‌ಔಟ್' ಅಂತ ಹೆಸರಿಟ್ಟರು. ಮುಂದಿನ ವರ್ಷ, ಅಲ್ಪಸಂಖ್ಯಾತರಿಗೆ ಹೆಚ್ಚು ಅವಕಾಶ ಕೊಡುವ ಒಪ್ಪಂದಕ್ಕೆ ಚಾನೆಲ್‌ಗಳು ಸಹಿ ಹಾಕಿದವು.

ಆದರೆ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2021ರಲ್ಲಿ ಕೊಟ್ಟ ವರದಿ ನೋಡಿ. 2019ರಲ್ಲಿ ಮಾಧ್ಯಮ ಉದ್ಯಮದ ಕೆಲಸಗಾರರಲ್ಲಿ ಲ್ಯಾಟಿನೋಗಳು ನೂರಕ್ಕೆ ಅಂದಾಜು 12. ಉಳಿದ ಉದ್ಯಮಗಳಲ್ಲಿ 18. ಕಥೆ ಬರೆಯುವ ಕೋಣೆಯಲ್ಲಿ ಕುರ್ಚಿ ಸಿಗದಿದ್ದರೆ ತೆರೆಯ ಮೇಲೆ ಬರುವ ಮುಖವೂ ಬದಲಾಗುವುದಿಲ್ಲ.

## ಸ್ವಲ್ಪ ತೊಡಕಿನ ಪ್ರಶ್ನೆಗಳು

'ಮಾಡರ್ನ್ ಫ್ಯಾಮಿಲಿ'ಯ ಗ್ಲೋರಿಯಾ ನಂಗೆ ತುಂಬಾ ಇಷ್ಟ. ಇಷ್ಟಪಡೋದು ತಪ್ಪಾ?

ಖಂಡಿತ ತಪ್ಪಲ್ಲ. ನನಗೂ ಇಷ್ಟ. ಆ ಪಾತ್ರ ಮಾಡಿದ ಸೋಫಿಯಾ ವೆರ್ಗಾರಾ ನಗಿಸುವುದರಲ್ಲಿ ಪಳಗಿದ ಕೈ. ಕೊಲಂಬಿಯಾದ ಬಾರಾಂಕಿಯಾದಿಂದ ಬಂದವರು, ಆ ಉಚ್ಚಾರಣೆ ಅವರದ್ದೇ. ಮಗ ಮ್ಯಾನಿಯ ಪರ ಗ್ಲೋರಿಯಾ ಹುಲಿಯ ಹಾಗೆ ನಿಲ್ಲುತ್ತಾಳಲ್ಲ, ಅದು ಅಚ್ಚನ್ನು ಮೀರಿದ ತಾಯಿತನ.

ಇನ್ನೊಂದು ಮಗ್ಗುಲೂ ಇದೆ. ವೆರ್ಗಾರಾ ಅವರ ಕೂದಲು ಹುಟ್ಟಾ ಹೊಂಬಣ್ಣ. ಹಾಲಿವುಡ್‌ನ ಕಣ್ಣಿಗೆ ಲ್ಯಾಟಿನಾ ಥರ ಕಾಣಲಿ ಅಂತ ಕಪ್ಪು ಬಣ್ಣ ಹಚ್ಚಬೇಕಾಯಿತು. ನಿಜವಾದ ಕೊಲಂಬಿಯಾದವಳು ಕೊಲಂಬಿಯಾದವಳ ಹಾಗೆ ಕಾಣಲು ವೇಷ ಹಾಕಬೇಕು! 2014ರಲ್ಲಿ ಎಮ್ಮಿ ಅನ್ನುವ ಟಿವಿ ಪ್ರಶಸ್ತಿಗಳ ಸಮಾರಂಭದಲ್ಲಿ ಅವರನ್ನು ತಿರುಗುವ ಪೀಠದ ಮೇಲೆ ನಿಲ್ಲಿಸಿದರು. ಪಕ್ಕದಲ್ಲಿ ಟಿವಿ ಅಕಾಡೆಮಿಯ ಮುಖ್ಯಸ್ಥರು ಭಾಷಣ ಮಾಡಿದರು. ಅದು ತಮಾಷೆ, ತಪ್ಪು ತಿಳಿಯಬೇಡಿ ಅಂತ ವೆರ್ಗಾರಾ ಹೇಳಿದರು. ಹಲವರಿಗೆ ಬೇಸರವಾಯಿತು, ನನಗೂ ಆಯಿತು.

ಪಾತ್ರವನ್ನು ಪ್ರೀತಿಸಿ. ಆ ಒಂದು ಪಾತ್ರದ ಹೆಗಲ ಮೇಲೆ ಇಡೀ ಜನಾಂಗದ ಭಾರ ಯಾಕೆ ಬಿತ್ತು ಅಂತಲೂ ಕೇಳಿ.

ಎಲ್ಲರದ್ದೂ ಸ್ಪ್ಯಾನಿಷ್ ತಾನೆ? ಯಾವ ದೇಶದ ನಟ ಆದ್ರೇನು?

ಧಾರವಾಡದ ಅಜ್ಜನ ಪಾತ್ರಕ್ಕೆ ಮಂಗಳೂರಿನ ಕನ್ನಡ ಆಡಿಸಿದರೆ ನಿಮಗೆ ಹೇಗನಿಸುತ್ತದೆ? ಅವರಿಗೂ ಹಾಗೇ.

1974ರಲ್ಲಿ 'ಚಿಕೋ ಅಂಡ್ ದಿ ಮ್ಯಾನ್' ಶುರುವಾದಾಗ ಲಾಸ್ ಏಂಜಲೀಸ್‌ನ ಚಿಕಾನೋ ಹುಡುಗನ ಪಾತ್ರಕ್ಕೆ ನ್ಯೂಯಾರ್ಕ್‌ನ ಫ್ರೆಡ್ಡಿ ಪ್ರಿನ್ಝ್ ಬಂದ. ಅಮ್ಮ ಪ್ಯೂರ್ಟೋ ರಿಕೋದವರು. ಚಿಕಾನೋಗಳು ಕೂಡಲೇ ಆಕ್ಷೇಪ ಎತ್ತಿದರು. 'ನಾರ್ಕೋಸ್'ನಲ್ಲಿ ಕೊಲಂಬಿಯಾದ ಡ್ರಗ್ಸ್ ದೊರೆ ಪಾಬ್ಲೋ ಎಸ್ಕೋಬಾರ್ ಆದ ವಾಗ್ನರ್ ಮೌರಾ ಬ್ರೆಜಿಲ್‌ನವರು. ಪಾತ್ರಕ್ಕಾಗಿಯೇ ಸ್ಪ್ಯಾನಿಷ್ ಕಲಿತರು. ನಟನೆ ಅದ್ಭುತ ಅಂದವರೂ ಆ ಉಚ್ಚಾರಣೆ ಕೇಳಿ ಮುಖ ಹಿಂಡಿದರು. 'ಬ್ರೇಕಿಂಗ್ ಬ್ಯಾಡ್'ನಲ್ಲಿ ಚಿಲಿ ದೇಶದ ಗಸ್ ಫ್ರಿಂಗ್ ಆದ ಜಿಯಾನ್‌ಕಾರ್ಲೋ ಎಸ್ಪೊಸಿಟೋ ಅವರ ಅಪ್ಪ ಇಟಲಿಯವರು, ಅಮ್ಮ ಕಪ್ಪು ಅಮೆರಿಕನ್. ಅವರ ಸ್ಪ್ಯಾನಿಷ್ ಕೇಳಿದ ಚಿಲಿಯವರಿಗೆ ನಗು ತಡೆಯಲಾಗಲಿಲ್ಲ.

ನಟ ಹುಟ್ಟಿದ ಊರಿನ ಪಾತ್ರವನ್ನೇ ಮಾಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಯಾರಾದ್ರೂ ನಡೆಯುತ್ತೆ ಅನ್ನುವ ಅಸಡ್ಡೆ ಬೇಡ. ಆ ಅಸಡ್ಡೆಯಿಂದಲೇ ಎರಡು ಡಜನ್ ದೇಶಗಳು ಒಂದೇ ಮುದ್ದೆಯಾಗುತ್ತವೆ.

ಕಥೆ ಮೆಕ್ಸಿಕೋಗೆ ಹೋದ ಕೂಡ್ಲೇ ಪರದೆ ಹಳದಿ ಆಗೋದು ಯಾಕೆ?

ಒಳ್ಳೆ ಕಣ್ಣು ನಿಮ್ಮದು. ಚಿತ್ರೀಕರಣ ಮುಗಿದ ಮೇಲೆ ಬಣ್ಣ ತಿದ್ದುವಾಗ ಹಳದಿ, ಕಂದು ಛಾಯೆ ಏರಿಸುತ್ತಾರೆ. ಬಿಸಿಲು, ಧೂಳು, ಅಪಾಯ ಅನ್ನುವ ಸೂಚನೆ. 2000ದಲ್ಲಿ ಬಂದ 'ಟ್ರಾಫಿಕ್' ಸಿನಿಮಾದಿಂದ ಇದು ಎದ್ದು ಕಂಡಿತು. 'ಬ್ರೇಕಿಂಗ್ ಬ್ಯಾಡ್' ಕೂಡ ಇದನ್ನು ಧಾರಾಳವಾಗಿ ಬಳಸಿತು. ಆದರೆ ಮೆಕ್ಸಿಕೋ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಸಂಜೆಗೆ ಸ್ವೆಟರ್ ಬೇಕಾಗುವ ಊರು. ಭಾರತವನ್ನು ತೋರಿಸುವಾಗಲೂ ಇದೇ ಹಳದಿ ಬಳಿಯುತ್ತಾರೆ, ಗಮನಿಸಿದ್ದೀರಲ್ವಾ?

ಸ್ಪ್ಯಾನಿಷ್ ಧಾರಾವಾಹಿಗಳನ್ನ ಅವರೇ ಮಾಡ್ಕೊಳ್ತಾರೆ. ಅಲ್ಲಿ ಈ ತೊಂದರೆ ಇಲ್ಲ ಅಲ್ವಾ?

ಇದೆ, ಬೇರೆ ರೂಪದಲ್ಲಿ. ಟೆಲಿನೊವೆಲಾ ಅನ್ನುವ ಆ ಧಾರಾವಾಹಿಗಳಲ್ಲಿ ನಾಯಕ ನಾಯಕಿ ಬೆಳ್ಳಗೆ. ಮನೆಗೆಲಸದವಳು ಮೂಲನಿವಾಸಿ ಚಹರೆಯವಳು. ಕಪ್ಪು ಬಣ್ಣದ ಲ್ಯಾಟಿನೋಗಳು ಕಾಣಿಸುವುದೇ ಕಡಿಮೆ. ಈ ಬಣ್ಣದ ಲೆಕ್ಕ ನಮಗೆ ಹೊಸದೇನಲ್ಲ.

ಅಲ್ಲಿಂದ ಒಳ್ಳೆಯದೂ ಹೊರಟಿತು. ಕೊಲಂಬಿಯಾದ ಫರ್ನಾಂಡೋ ಗೈಟಾನ್ 1999ರಲ್ಲಿ ಬೆಟ್ಟಿ ಅನ್ನುವ ದಪ್ಪ ಕನ್ನಡಕದ ಜಾಣೆಯ ಕಥೆ ಬರೆದರು. ಅದು ದೇಶ ದೇಶ ಸುತ್ತಿತು. 2003ರಲ್ಲಿ ಹಿಂದಿಯಲ್ಲಿ 'ಜಸ್ಸಿ ಜೈಸಿ ಕೋಯಿ ನಹೀಂ' ಆಯಿತು. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಅದನ್ನು ನೋಡಿದ್ದಾರೆ, ಕೊಲಂಬಿಯಾದ ಕಥೆ ಅಂತ ಗೊತ್ತಿಲ್ಲದೆ. 2006ರಲ್ಲಿ ಅಮೆರಿಕದಲ್ಲಿ 'ಅಗ್ಲಿ ಬೆಟ್ಟಿ' ಆಯಿತು. ಹೊಂಡುರಾಸ್ ಮೂಲದ ನಟಿ ಅಮೆರಿಕಾ ಫೆರೆರಾ ಅದಕ್ಕೆ 2007ರಲ್ಲಿ ಎಮ್ಮಿ ಗೆದ್ದರು. ಇಲ್ಲಿ ಕ್ಯಾಮೆರಾ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಬೆಟ್ಟಿಯ ಮನೆಯೊಳಗೇ ಹೋಯಿತು. ಅಡುಗೆಮನೆಯಲ್ಲಿ ಅಪ್ಪ, ಹೇರ್ ಡ್ರೈಯರ್ ಹಿಡಿದ ಅಕ್ಕ, ಸಂಗೀತ ನಾಟಕದ ಹುಚ್ಚಿನ ಅಕ್ಕನ ಮಗ.

ಎಲ್ಲರನ್ನೂ ಒಳ್ಳೆಯವರಾಗಿ ತೋರಿಸಿದ್ರೆ ಸಮಸ್ಯೆ ಮುಗೀತಲ್ವಾ?

ಇಲ್ಲ. ತಪ್ಪೇ ಮಾಡದ ಪೊಲೀಸ್, ದೇವತೆಯಂಥ ಅಮ್ಮ, ಇವೂ ರಟ್ಟಿನ ಬೊಂಬೆಗಳೇ. ನನಗೆ ಬೇಕಾದ್ದು ಸಣ್ಣತನವೂ ಇರುವ ಮನುಷ್ಯರು. 'ಬ್ರೂಕ್ಲಿನ್ ನೈನ್-ನೈನ್' ನೋಡಿ. ಏಮಿ ಸ್ಯಾಂಟಿಯಾಗೋಗೆ ಫೈಲು, ಪಟ್ಟಿ, ಪರೀಕ್ಷೆ ಅಂದರೆ ಪ್ರಾಣ. ರೋಸಾ ಡಯಾಝ್ ಯಾರಿಗೂ ಮನಸ್ಸು ಬಿಚ್ಚದವಳು. ಇಬ್ಬರೂ ಲ್ಯಾಟಿನಾ, ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಏಮಿ ಪಾತ್ರ ಮೆಲಿಸ್ಸಾ ಫುಮೆರೋಗೆ ಸಿಕ್ಕಿತು ಅಂತ ಕೇಳಿದಾಗ ಆಮೇಲೆ ರೋಸಾ ಆದ ಸ್ಟೆಫನಿ ಬಿಯಾಟ್ರಿಝ್ ತಮ್ಮ ಕಥೆ ಮುಗಿಯಿತು ಅಂದುಕೊಂಡರಂತೆ. ಒಂದು ದೊಡ್ಡ ಚಾನೆಲ್ ಇಬ್ಬರು ಲ್ಯಾಟಿನಾಗಳನ್ನು ತೆಗೆದುಕೊಳ್ಳುತ್ತದೆ ಅಂತ ಅವರಿಗೆ ನಂಬಿಕೆಯೇ ಇರಲಿಲ್ಲ.

ಇದೆಲ್ಲ ಅವರ ಗೋಳು. ನಮಗೇನು ಸಂಬಂಧ?

'ದಿ ಸಿಂಪ್ಸನ್ಸ್'ನಲ್ಲಿ ಅಂಗಡಿಯ ಅಪು ಗೊತ್ತಲ್ವಾ? ಆ ಭಾರತೀಯನಿಗೆ ದನಿ ಕೊಟ್ಟವರು ಹ್ಯಾಂಕ್ ಅಝಾರಿಯಾ. ಅದೇ ಕಾರ್ಟೂನಿನಲ್ಲಿ ಜೇನುಹುಳದ ವೇಷ ಹಾಕಿ ಸ್ಪ್ಯಾನಿಷ್‌ನಲ್ಲಿ ಅರಚುವ ಮೆಕ್ಸಿಕನ್ ನಟನಿಗೆ ದನಿ ಕೊಟ್ಟವರೂ ಅವರೇ. ಇಬ್ಬರನ್ನು ಗೇಲಿ ಮಾಡಿದ್ದು ಒಂದೇ ಗಂಟಲು. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಅಪು ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಝಾರಿಯಾ ಅಪು ದನಿ ಬಿಟ್ಟರು. ಬಿಳಿಯರಲ್ಲದ ಪಾತ್ರಗಳಿಗೆ ಇನ್ನು ಬಿಳಿಯ ನಟರು ದನಿ ಕೊಡುವುದಿಲ್ಲ ಅಂತ ಕಾರ್ಯಕ್ರಮವೇ ಘೋಷಿಸಿತು.

ಇನ್ನೂ ಹತ್ತಿರಕ್ಕೆ ಬರುತ್ತೇನೆ. ನಮ್ಮ ಸಿನಿಮಾ, ಧಾರಾವಾಹಿಗಳಲ್ಲಿ ಅಡುಗೆಯವನಿಗೋ ಪೇದೆಗೋ ಉತ್ತರ ಕರ್ನಾಟಕದ ಮಾತು ಕೊಟ್ಟು ನಗಿಸುವುದನ್ನು ನೀವೂ ನೋಡಿದ್ದೀರಿ. ಅದೇ ಮಾತು ನ್ಯಾಯಾಧೀಶೆಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೀರಿ?

ಸರಿ, ಒಂದೇ ಒಂದು ನೋಡ್ಬೇಕು ಅಂದ್ರೆ ಯಾವುದು?

'ಒನ್ ಡೇ ಅಟ್ ಎ ಟೈಮ್'ನಲ್ಲಿ ರೀಟಾ ಮೊರೆನೋ ಆಡುವ ಕ್ಯೂಬನ್ ಅಜ್ಜಿಯನ್ನು ಬಿಡಬೇಡಿ. ಟಾನ್ಯಾ ಸರಾಚೋ ಕಟ್ಟಿದ 'ವೀಡಾ' ಕೂಡ ಒಳ್ಳೆಯದು. ಆದರೆ ಒಂದೇ ಅಂದರೆ ನನ್ನ ಆಯ್ಕೆ 2014ರಿಂದ 2019ರವರೆಗೆ ಬಂದ 'ಜೇನ್ ದಿ ವರ್ಜಿನ್'. ವೆನೆಜುವೆಲಾದ ಧಾರಾವಾಹಿಯೊಂದರ ಎಳೆಯಿಂದ ನೇಯ್ದದ್ದು. ಮಯಾಮಿಯ ಒಂದು ಪುಟ್ಟ ಮನೆ, ಅಜ್ಜಿ, ಅಮ್ಮ, ಮೊಮ್ಮಗಳು.

ಅಜ್ಜಿ ಆಲ್ಬಾ ಹತ್ತಿರ ಕಾಗದಪತ್ರ ಇಲ್ಲ. ಮೊದಲ ಸೀಸನ್‌ನಲ್ಲಿ ಪೆಟ್ಟಾಗಿ ಆಸ್ಪತ್ರೆ ಸೇರುತ್ತಾಳೆ. ಅಲ್ಲಿಂದಲೇ ಅವಳನ್ನು ದೇಶದಾಚೆ ಕಳಿಸುವ ಮಾತು ಬರುತ್ತದೆ. ಅಲ್ಲಿಯವರೆಗೆ ನಗಿಸುತ್ತಿದ್ದ ಪರದೆಯ ಮೇಲೆ ಅಕ್ಷರ ಮೂಡುತ್ತದೆ: ಹೌದು, ಇದು ನಿಜವಾಗಿ ನಡೆಯುತ್ತದೆ. ನಾನು ಟಿವಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮನಸ್ಸಲ್ಲಿ ಉಳಿದಿರುವುದು ಮಾತ್ರ ಅವರ ಸಾಮಾನ್ಯ ಸಂಜೆಗಳು. ಅಜ್ಜಿ ಸ್ಪ್ಯಾನಿಷ್‌ನಲ್ಲಿ ಕೇಳುತ್ತಾಳೆ, ಜೇನ್ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾಳೆ. ಯಾರೂ ಯಾರಿಗೂ ಅನುವಾದ ಮಾಡುವುದಿಲ್ಲ, ಆ ಭಾಷೆ ಕೇಳಿ ಯಾರೂ ನಗುವುದಿಲ್ಲ. ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ನಮ್ಮಮ್ಮ 'ಊಟ ಆಯ್ತೇನೋ' ಅಂತ ಕೇಳಿದರೆ ಮೊಮ್ಮಗ ಆಟದಿಂದ ತಲೆ ಎತ್ತದೆ ಇಂಗ್ಲಿಷ್‌ನಲ್ಲಿ ಹೂಂ ಅನ್ನುತ್ತಾನೆ. ಅಮ್ಮ ತಟ್ಟೆ ತಂದಿಡುತ್ತಾರೆ.